ಅಂಗಡಿಯ ಹಳೇ ಕಂಪ್ಯೂಟರ್ ಶಾಲೆಗೆ ಕೊಡಬೇಕು, ಒಳಗಿರೋ ಜನರ ಕಾಗದಪತ್ರ ಪೂರ್ತಿ ಅಳಿಸೋದು ಹೇಗೆ?

ಡಿಟಿಪಿ ಅಕ್ಕ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಕೋರ್ಟ್ ಹತ್ತಿರ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಅಂಗಡಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದನ್ನು ನಮ್ಮ ತವರೂರಿನ ಸರ್ಕಾರಿ ಶಾಲೆಗೆ ಕೊಡೋಣ ಅಂತ ಇದ್ದೇನೆ. ಹೆಡ್‌ಮಾಸ್ಟರಿಗೂ ಹೇಳಿಯಾಗಿದೆ. ಕಂಪ್ಯೂಟರ್ ಕೊಡೋದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ಅದರೊಳಗೆ ಇರೋದು ನನ್ನ ಸಾಮಾನಲ್ಲ, ಊರವರದ್ದು. ಅದೇ ಯೋಚನೆ.

ಏನೇನಿದೆ ಅಂತ ಹೇಳುತ್ತೇನೆ, ಆಗ ನಿಮಗೂ ಅರ್ಥ ಆಗುತ್ತೆ. ನಮ್ಮ ಕಡೆ ಒಂದೇ ಹೆಸರಿನವರು ಬೇಕಾದಷ್ಟು ಜನ ಸಿಗುತ್ತಾರೆ. ಹಾಗಾಗಿ ನಾನು ಫೈಲಿಗೆ ಊರಿನ ಹೆಸರು ಹಾಕಿ ಸೇವ್ ಮಾಡುತ್ತೇನೆ. "ಬಸರಾಳು ಅಜ್ಜಿ ಆಧಾರ್". "ಕೆರಗೋಡು ಅಣ್ತಮ್ಮ ಪಾಲುಪಟ್ಟಿ". "ದುದ್ದ ಕ್ರಯ ಫೈನಲ್", ಅದರ ಕೆಳಗೆ "ದುದ್ದ ಕ್ರಯ ಹೊಸ ಫೈನಲ್", ಅದರ ಕೆಳಗೆ "ದುದ್ದ ಕ್ರಯ ಇದೇ ಫೈನಲ್". ಅಫಿಡವಿಟ್ಟು, ಬಾಡಿಗೆ ಕರಾರು, ವಂಶವೃಕ್ಷ, ಪಾಸ್‌ಬುಕ್ಕಿನ ಮೊದಲ ಪುಟ, ಸಹಿ ಮಾಡಿದ ಖಾಲಿ ಚೆಕ್ಕಿನ ಸ್ಕ್ಯಾನ್ ಕೂಡ ಇದೆ. 2023ರಲ್ಲಿ ಗೃಹಜ್ಯೋತಿ ಅರ್ಜಿ ಹಾಕುವಾಗ ಅಂಗಡಿ ಮುಂದೆ ಸಾಲು ನಿಂತಿತ್ತಲ್ಲ, ಆಗಿನ ಆಧಾರ್ ಮತ್ತು ಕರೆಂಟ್ ಬಿಲ್ಲಿನ ಸ್ಕ್ಯಾನುಗಳೇ ಒಂದು ಫೋಲ್ಡರ್ ತುಂಬ ಇವೆ. ಗಂಡ ಹೆಂಡತಿ ಕೋರ್ಟಿಗೆ ಹಾಕಿದ ಅರ್ಜಿಗಳಿವೆ. ಅವನ್ನು ಟೈಪ್ ಮಾಡುವಾಗಲೇ ನಾನು ಮಾನಿಟರ್ ಗೋಡೆ ಕಡೆ ತಿರುಗಿಸಿಕೊಂಡು ಮಾಡುತ್ತಿದ್ದೆ. ಅಂಥದ್ದೆಲ್ಲ ನಾಳೆ ಎಂಟನೇ ಕ್ಲಾಸ್ ಹುಡುಗರ ಕೈಗೆ ಸಿಕ್ಕಿದರೆ?

ಹೊಸ ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ "ಫಾರ್ಮ್ಯಾಟ್ ಹೊಡೆದುಕೊಡ್ತೀನಿ ಬಿಡಿ ಅಕ್ಕ, ಹತ್ತು ನಿಮಿಷದ ಕೆಲಸ" ಅಂದ. ನನಗೆ ಅನುಮಾನ ಬಂದಿದ್ದೇ ಅಲ್ಲಿ. ಇದೇ ಹುಡುಗ ಹಿಂದೆ ನಮ್ಮ ಚಿಕ್ಕಮ್ಮನ ಮಗಳ ಮದುವೆ ಫೋಟೊ ಇದ್ದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಆಗಿಹೋದಾಗ, ಒಂದು ಸಾಫ್ಟ್‌ವೇರ್ ಹಾಕಿ ಅಷ್ಟೂ ಫೋಟೊ ವಾಪಸ್ ತೆಗೆದುಕೊಟ್ಟಿದ್ದ. ಫಾರ್ಮ್ಯಾಟ್ ಆದ ಮೇಲೂ ಮದುವೆ ಫೋಟೊ ಬರುತ್ತೆ ಅಂದರೆ ಬಸರಾಳು ಅಜ್ಜಿ ಆಧಾರೂ ಬರುತ್ತೆ ಅಲ್ವಾ? ಕೇಳಿದ್ದಕ್ಕೆ ನಕ್ಕುಬಿಟ್ಟ. "ಯಾರು ಅಷ್ಟು ತಲೆ ಕೆಡಿಸ್ಕೊಳ್ತಾರೆ" ಅಂದ. ನಾನು ಕೆಡಿಸಿಕೊಳ್ಳುತ್ತಿದ್ದೇನಲ್ಲ!

ಕಂಪ್ಯೂಟರ್ ವಿವರ: ಐ3, 4 ಜಿಬಿ ರ್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ನನಗೆ ಉಳಿಸಿಕೊಳ್ಳಬೇಕಾಗಿರೋದು ಖಾಲಿ ಫಾರ್ಮೆಟ್ಟುಗಳು, ಅಂದರೆ ಹೆಸರು ತುಂಬದ ಅಫಿಡವಿಟ್ಟು, ಕರಾರಿನ ನಮೂನೆಗಳು ಮಾತ್ರ, ಅವೆಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆವೃತ್ತಿಯಲ್ಲಿ ಟೈಪ್ ಮಾಡಿದ್ದು. ಇನ್ನೊಂದು ವಿಷಯ, ನಮ್ಮ ಬೀದಿಯಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಅರ್ಧಕ್ಕೆ ನಿಂತರೆ ಏನಾದರೂ ಕೆಡುತ್ತಾ? ಗೊತ್ತಿರೋರು ಬಿಡಿಸಿ ಹೇಳಿ. ನನಗೆ ಟೈಪಿಂಗ್ ಚೆನ್ನಾಗಿ ಬರುತ್ತೆ, ಕಂಪ್ಯೂಟರ್ ಒಳಗಿನ ವಿಷಯ ಅಷ್ಟಕ್ಕಷ್ಟೆ.


ಗುತ್ತಲು ರಸ್ತೆ

ಅಕ್ಕ, ಡಿಸ್ಕ್ ಬಿಚ್ಚಿ ಸುತ್ತಿಗೆ ತಗೊಂಡು ನಾಲ್ಕು ಬಿಗೀರಿ. ಇಲ್ಲ ಅಂದ್ರೆ ಸ್ಪೀಕರ್ ಮ್ಯಾಗ್ನೆಟ್ ಇಟ್ಟು ಉಜ್ಜಿ, ಎಲ್ಲಾ ಅಳಿಸಿ ಹೋಗುತ್ತೆ. ಶಾಲೆಯವರು ಹೊಸ ಡಿಸ್ಕ್ ಹಾಕ್ಕೋತಾರೆ ಬಿಡಿ.


ಪಾಂಡವಪುರದ ಮೇಷ್ಟ್ರು

ಡಿಸ್ಕ್ ಬಿಚ್ಚಿ ಮಾತ್ರ ಕೊಡಬೇಡಿ ತಾಯಿ. ಡಿಸ್ಕ್ ಇಲ್ಲದ ಕಂಪ್ಯೂಟರ್ ಬಂದರೆ ಅದು ನೇರ ಸ್ಟೋರ್ ರೂಮಿಗೆ ಹೋಗುತ್ತದೆ. ಮುರಿದ ಬೆಂಚು, ಹಳೇ ಭೂಪಟದ ಜೊತೆ ಧೂಳು ತಿನ್ನುತ್ತದೆ. ಹೊಸ ಡಿಸ್ಕ್ ಹಾಕಿಸಲು ಯಾವ ಲೆಕ್ಕದಲ್ಲಿ ದುಡ್ಡು ತೆಗೆಯುವುದು ಅಂತ ಕೂತು ಚರ್ಚೆ ಮಾಡುವಷ್ಟರಲ್ಲಿ ಮಕ್ಕಳು ಹತ್ತನೇ ಕ್ಲಾಸ್ ಮುಗಿಸಿಕೊಂಡು ಹೋಗಿರುತ್ತಾರೆ. ಅಳಿಸಿಯೇ ಕೊಡಿ, ಆದರೆ ಡಿಸ್ಕ್ ಸಮೇತ ಕೊಡಿ. ಹೇಗೆ ಅನ್ನುವುದನ್ನು ಬಲ್ಲವರು ಹೇಳುತ್ತಾರೆ.


ಸ್ಕ್ರೂಡ್ರೈವರ್, ಸರಸ್ವತಿಪುರಂ

ಅಕ್ಕ, ನಿಮ್ಮ ಅನುಮಾನ ನೂರಕ್ಕೆ ನೂರು ಸರಿ. ನಾನು ಮೈಸೂರಲ್ಲಿ ಕಂಪ್ಯೂಟರ್ ರಿಪೇರಿ ಮಾಡೋನು. ಒಂದು ಸಲ ಒಂದು ಆಫೀಸಿನವರು ಹಳೇ ಸಿಸ್ಟಂಗಳನ್ನು ಲಾಟ್ ಲೆಕ್ಕದಲ್ಲಿ ಮಾರಿದ್ದರು. ಪ್ರತಿ ಕ್ಯಾಬಿನೆಟ್ ಮೇಲೂ "ಫಾರ್ಮ್ಯಾಟ್ ಆಗಿದೆ" ಅಂತ ಚೀಟಿ. ಅದರಲ್ಲಿ ಒಂದಕ್ಕೆ ಫೋಟೊರೆಕ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಟೀ ಕುಡಿಯಲು ಹೋದೆ. ವಾಪಸ್ ಬಂದು ನೋಡಿದರೆ ಸಂಬಳದ ಚೀಟಿ, ಪ್ಯಾನ್ ಕಾರ್ಡು, ಯಾರದೋ ಮಗುವಿನ ಜನನ ಪ್ರಮಾಣ ಪತ್ರ, ಒಂದರ ಹಿಂದೆ ಒಂದು ಬಂದು ಬೀಳುತ್ತಿತ್ತು. ಹೀಗೆ ಬರುವಾಗ ಫೈಲಿನ ಹೆಸರು ಮಾತ್ರ ಹೋಗಿರುತ್ತದೆ. ಎಫ್ ಅಕ್ಷರದ ಮುಂದೆ ಉದ್ದಕ್ಕೆ ಅಂಕಿಗಳಿರುವ ಹೆಸರು ಬರುತ್ತದೆ. ಅಂದರೆ ನಿಮ್ಮ "ಬಸರಾಳು ಅಜ್ಜಿ" ಅನ್ನೋ ಹೆಸರು ಹೋದರೂ ಅಜ್ಜಿಯ ಫೋಟೊ, ಆಧಾರ್ ನಂಬರು ಹಾಗೇ ಇರುತ್ತೆ. ಆ ಡಿಸ್ಕುಗಳನ್ನೆಲ್ಲ ಅವತ್ತೇ ಕೂತು ಪೂರ್ತಿ ಅಳಿಸಿದೆ, ಅದು ಬೇರೆ ಮಾತು.

ಯಾಕೆ ಹೀಗೆ ಅಂದರೆ, ಡಿಲೀಟ್ ಮಾಡಿದಾಗ, ಹತ್ತು ನಿಮಿಷದ ಕ್ವಿಕ್ ಫಾರ್ಮ್ಯಾಟ್ ಮಾಡಿದಾಗ ಕಂಪ್ಯೂಟರ್ ಫೈಲನ್ನು ಮುಟ್ಟುವುದೇ ಇಲ್ಲ. ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ ಅಂತ ಬರೆದಿಟ್ಟ ಪಟ್ಟಿಯನ್ನು ಮಾತ್ರ ತೆಗೆಯುತ್ತದೆ. ಪಹಣಿಯಿಂದ ಹೆಸರು ತೆಗೆದುಹಾಕಿದರೂ ಗದ್ದೆಯಲ್ಲಿ ಕಬ್ಬು ನಿಂತೇ ಇರುತ್ತಲ್ಲ, ಹಾಗೆ. ಆ ಜಾಗದ ಮೇಲೆ ಬೇರೆ ಏನಾದರೂ ಬರೆದಾಗಲೇ ಹಳೆಯದು ಹೋಗೋದು. ಹಾಗಾಗಿ ನಾವು ಮಾಡಬೇಕಾದ ಕೆಲಸ ಒಂದೇ: ಡಿಸ್ಕಿನ ಮೊದಲಿನಿಂದ ಕೊನೇವರೆಗೂ ಸೊನ್ನೆ ಬರೆಸೋದು.

ಸುತ್ತಿಗೆ ಅಣ್ಣನಿಗೆ ಒಂದು ಮಾತು. ಸ್ಪೀಕರ್ ಮ್ಯಾಗ್ನೆಟ್ಟಿಂದ ಹಾರ್ಡ್ ಡಿಸ್ಕಿಗೆ ಏನೂ ಆಗಲ್ಲ. ಡಿಸ್ಕ್ ಬಿಚ್ಚಿದರೆ ಅದರ ಒಳಗೇ ಅದಕ್ಕಿಂತ ಜೋರಾದ ಮ್ಯಾಗ್ನೆಟ್ ಎರಡು ಸಿಗುತ್ತವೆ, ಬೆರಳು ಮಧ್ಯೆ ಸಿಕ್ಕಿದರೆ ಗೊತ್ತಾಗುತ್ತೆ. ಮೇಲಿನ ತಗಡಿಗೆ ಸುತ್ತಿಗೆಯಲ್ಲಿ ಹೊಡೆದರೆ ತಗಡು ತಗ್ಗಾಗುತ್ತದೆ ಅಷ್ಟೆ. ಒಳಗಿನ ತಟ್ಟೆಗೆ ಏಟು ಬೀಳಬೇಕು. ಲ್ಯಾಪ್‌ಟಾಪ್ ಡಿಸ್ಕ್ ಆದರೆ ಒಳಗೆ ಸಾಮಾನ್ಯವಾಗಿ ಗಾಜಿನ ತಟ್ಟೆ ಇರುತ್ತೆ, ಒಡೆದು ಚೂರು ಕಣ್ಣಿಗೆ ಹಾರುತ್ತೆ. ಮತ್ತೆ ಮೇಷ್ಟ್ರು ಹೇಳಿದ ಹಾಗೆ, ಚೆನ್ನಾಗಿರೋ ಡಿಸ್ಕನ್ನು ಒಡೆದರೆ ನಷ್ಟ ಶಾಲೆಗೆ.

ಈಗ ಕೆಲಸಕ್ಕೆ ಬರೋಣ. ಮೊದಲು ನಿಮ್ಮ ಫಾರ್ಮೆಟ್ಟುಗಳನ್ನು ಎರಡು ಕಡೆ ಕಾಪಿ ಮಾಡಿ, ಹೊಸ ಕಂಪ್ಯೂಟರಲ್ಲಿ ಒಂದು, ಪೆನ್ ಡ್ರೈವಲ್ಲಿ ಒಂದು. ಕಾಪಿ ಆದರೆ ಸಾಲದು, ತೆರೆದು ನೋಡಿ. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥ ಆಗೋ ಅಕ್ಷರ ಪದ್ಧತಿ ಅಲ್ಲ. ಹೊಸ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ ಕಾಣಿಸುತ್ತೆ. ಹಾಗಾಗಿ ಫಾಂಟ್ ಫೈಲುಗಳನ್ನೂ ಜೊತೆಗೆ ತಗೊಳ್ಳಿ. ಬಿಡುವಾದಾಗ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಅದಕ್ಕೆ ವೆಬ್‌ಸೈಟುಗಳಿವೆ, ಖಾಲಿ ಫಾರ್ಮೆಟ್ ಆದರೆ ಪರವಾಗಿಲ್ಲ, ಹೆಸರು ವಿಳಾಸ ಇರೋ ಕ್ರಯಪತ್ರವನ್ನು ಮಾತ್ರ ಅಂಥ ಕಡೆ ಅಂಟಿಸಬೇಡಿ. ಇಷ್ಟೆಲ್ಲ ಜೋಪಾನ ಮಾಡಿ ಕೊನೆಗೆ ಅಲ್ಲಿ ಕೊಟ್ಟ ಹಾಗಾಗುತ್ತೆ.

ಆಮೇಲೆ ಕ್ರೋಮಿನಲ್ಲಿ ಲಾಗಿನ್ ಆಗಿರೋ ಜಿಮೇಲಿಂದ ಹೊರಗೆ ಬನ್ನಿ. ಫೋನಿನ ವಾಟ್ಸಾಪಲ್ಲಿ ಲಿಂಕ್ಡ್ ಡಿವೈಸಸ್ ಅಂತ ಇರುತ್ತೆ, ಅಲ್ಲಿಂದ ಹಳೇ ಕಂಪ್ಯೂಟರ್ ತೆಗೆದುಹಾಕಿ. ಜೆರಾಕ್ಸ್ ಅಂಗಡಿಗಳಲ್ಲಿ ವಾಟ್ಸಾಪ್ ವೆಬ್ ಯಾವಾಗಲೂ ತೆರೆದೇ ಇರುತ್ತೆ, ಅದಕ್ಕೇ ಹೇಳಿದೆ.

ಮುಖ್ಯವಾದದ್ದು ಇನ್ನೊಂದು. ಅಳಿಸುವ ಮುಂಚೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ನೀಲಿ ಬಣ್ಣದಲ್ಲಿ ಗುಡ್ ಅಂತಿದ್ದರೆ ಸರಿ. ಹಳದಿಯಲ್ಲಿ ಕಾಷನ್ ಅಂತ ಬಂದರೆ ನನಗೆ ಹೇಳಿ. ಅಲ್ಲಿ ಒಂದೇ ಡಿಸ್ಕ್ ತೋರಿಸುತ್ತಾ, ಎರಡು ತೋರಿಸುತ್ತಾ ಅಂತಲೂ ನೋಡಿ. ಐ3, 4 ಜಿಬಿ ರ್ಯಾಮಲ್ಲಿ ವಿಂಡೋಸ್ 10 ಓಡಿಸುತ್ತಿದ್ದೀರಿ ಅಂದರೆ ಮಧ್ಯೆ ಯಾರಾದರೂ ಎಸ್‌ಎಸ್‌ಡಿ (ಚಿಪ್ಪಿನಿಂದ ಮಾಡಿದ ವೇಗದ ಡಿಸ್ಕ್) ಹಾಕಿಕೊಟ್ಟಿರಬಹುದು ಅಂತ ನನ್ನ ಲೆಕ್ಕ. ಎಸ್‌ಎಸ್‌ಡಿ ಅಳಿಸುವ ದಾರಿ ಬೇರೆ.

ತಿರುಗುವ ಹಳೇ ನಮೂನೆ ಹಾರ್ಡ್ ಡಿಸ್ಕಿಗೆ ನಾನು ಮಾಡೋದು ಹೀಗೆ. 8 ಜಿಬಿ ಪೆನ್ ಡ್ರೈವಿಗೆ ವಿಂಡೋಸ್ ಇನ್‌ಸ್ಟಾಲರ್ ಹಾಕಿಕೊಂಡು ಅದರಿಂದ ಬೂಟ್ ಮಾಡಿ, ಅಂದರೆ ಕಂಪ್ಯೂಟರ್ ಆ ಪೆನ್ ಡ್ರೈವಿಂದಲೇ ಶುರುವಾಗಬೇಕು. ವಿಂಡೋಸ್ ಓಡುತ್ತಿರುವಾಗ ಅದು ಕೂತಿರೋ ಸಿ ಡ್ರೈವನ್ನು ಅಳಿಸೋಕೆ ಆಗಲ್ಲ, ಅದಕ್ಕೇ ಪೆನ್ ಡ್ರೈವ್. ಭಾಷೆ ಕೇಳುವ ಮೊದಲ ಪರದೆ ಬಂದಾಗ ಶಿಫ್ಟ್ ಒತ್ತಿ ಹಿಡಿದು ಎಫ್10 ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತೆ. ಅಲ್ಲಿ ಇಂಗ್ಲಿಷಿನಲ್ಲಿ ಡಿಸ್ಕ್‌ಪಾರ್ಟ್ ಅಂತ ಒಂದೇ ಪದವಾಗಿ ಟೈಪ್ ಮಾಡಿ ಎಂಟರ್ ಕೊಡಿ. ಆಮೇಲೆ ಲಿಸ್ಟ್ ಡಿಸ್ಕ್. ಈಗ ಪಟ್ಟಿ ಬರುತ್ತೆ. ಇಲ್ಲಿ ನಿಧಾನ. 500 ಜಿಬಿ ಡಿಸ್ಕ್ ಅಲ್ಲಿ 465 ಅಂತ ಕಾಣುತ್ತೆ, ಪೆನ್ ಡ್ರೈವ್ 7 ಚಿಲ್ಲರೆ ಅಂತ ಕಾಣುತ್ತೆ. ಅಳತೆ ನೋಡಿಯೇ ಯಾವ ನಂಬರು ಅಂತ ಗುರುತಿಸಬೇಕು. 465 ಎದುರಿಗೆ ಡಿಸ್ಕ್ 0 ಅಂತಿದ್ದರೆ ಸೆಲೆಕ್ಟ್ ಡಿಸ್ಕ್ 0. ಕೊನೆಗೆ ಕ್ಲೀನ್ ಆಲ್. "ನಿಜವಾಗಲೂ ಅಳಿಸಲಾ" ಅಂತ ಅದು ಕೇಳುವುದೇ ಇಲ್ಲ, ಎಂಟರ್ ಒತ್ತಿದ ಕೂಡಲೇ ಶುರು. ಅದಕ್ಕೇ ಬ್ಯಾಕಪ್ ಇರೋ ಎಕ್ಸ್‌ಟರ್ನಲ್ ಡಿಸ್ಕನ್ನು ಮೊದಲೇ ಕಿತ್ತು ಬೀರುವಿನಲ್ಲಿಡಿ. ಬರೀ ಕ್ಲೀನ್ ಅಂತ ಕೊಟ್ಟರೆ ಡಿಸ್ಕಿನ ಭಾಗಗಳ (ಪಾರ್ಟಿಷನ್) ಪಟ್ಟಿ ಮಾತ್ರ ಹೋಗುತ್ತೆ. ಮುಂದೆ ಆಲ್ ಅಂತ ಇರಲೇಬೇಕು, ಸೊನ್ನೆ ಬರೆಸೋದು ಅದೇ.

ಶುರುವಾದ ಮೇಲೆ ಪರದೆ ಮೇಲೆ ಏನೂ ಕಾಣಲ್ಲ. ಎಷ್ಟಾಯಿತು, ಎಷ್ಟು ಉಳಿದಿದೆ, ಯಾವ ಸುಳಿವೂ ಇಲ್ಲ. ಹ್ಯಾಂಗ್ ಆಯ್ತು ಅಂತ ಆಫ್ ಮಾಡಬೇಡಿ. ಕ್ಯಾಬಿನೆಟ್ ಮುಂದಿನ ಕೆಂಪು ಲೈಟ್ ಉರಿಯುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. 500 ಜಿಬಿಗೆ ಎರಡು ಗಂಟೆ ಆಸುಪಾಸು ಹಿಡಿಯುತ್ತೆ, ಡಿಸ್ಕ್ ಸುಸ್ತಾಗಿದ್ದರೆ ಇನ್ನೂ ಜಾಸ್ತಿ. ಡಿಸ್ಕ್ ಹೊರಗೆ ತೆಗೆದು ಹಳೇ ಯುಎಸ್‌ಬಿ 2 ಕೇಬಲ್ಲಿನಲ್ಲಿ ಮಾಡಿದರೆ ನಾಲ್ಕು ಗಂಟೆ ದಾಟುತ್ತೆ. ಕರೆಂಟ್ ಹೋದರೆ ಏನೂ ಕೆಡಲ್ಲ ಅಕ್ಕ, ಮತ್ತೆ ಮೊದಲಿಂದ ಶುರು ಮಾಡಬೇಕು ಅಷ್ಟೆ. ಯುಪಿಎಸ್ ಹಾಕಿದ್ದರೆ ಸಣ್ಣಪುಟ್ಟ ಕಟ್ ದಾಟಿಸುತ್ತೆ.

ಯಾರಾದರೂ ಬಂದು "35 ಸಲ ಬರೆಸಬೇಕು" ಅಂತ ಹೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಅದು ಪೀಟರ್ ಗಟ್‌ಮನ್ ಅನ್ನೋರು 1996ರಲ್ಲಿ ಆಗಿನ ಬೇರೆ ಬೇರೆ ತಂತ್ರದ ಡಿಸ್ಕುಗಳನ್ನು ಲೆಕ್ಕಕ್ಕೆ ತಗೊಂಡು ಹೇಳಿದ್ದು. ಈಗಿನ ಡಿಸ್ಕಿಗೆ 35 ಸಲ ಬೇಕಿಲ್ಲ ಅಂತ ಅವರೇ ಆಮೇಲೆ ಬರೆದರು. ಅಮೆರಿಕದಲ್ಲಿ ಮಾನದಂಡ ರೂಪಿಸೋ ಸರ್ಕಾರಿ ಸಂಸ್ಥೆ ನಿಸ್ಟ್ ಕೂಡ ಒಂದು ಸಲ ಪೂರ್ತಿ ಬರೆಸಿದರೆ ಸಾಕು ಅಂತಲೇ ಹೇಳಿದೆ. 35 ಸಲ ಅಂದರೆ ನಿಮ್ಮ ಡಿಸ್ಕಿಗೆ ಮೂರು ದಿನ ಬೇಕು. ಸುಮ್ನೆ ಕರೆಂಟ್ ಬಿಲ್ಲು.


ಕುವೆಂಪುನಗರ ಲಿನಕ್ಸ್

ಡಿಸ್ಕ್‌ಪಾರ್ಟ್ ಬದಲು ಶ್ರೆಡ್‌ಓಎಸ್ ಹಾಕಿ ಅಕ್ಕ. ಪೆನ್ ಡ್ರೈವಿಂದ ಬೂಟ್ ಆಗುತ್ತೆ, ಒಳಗೆ ಎನ್‌ವೈಪ್ ಅನ್ನೋ ಡಿಸ್ಕ್ ಅಳಿಸುವ ಸಾಫ್ಟ್‌ವೇರ್ ಇರುತ್ತೆ, ಶೇಕಡಾ ಎಷ್ಟಾಯಿತು, ಇನ್ನೂ ಎಷ್ಟು ಹೊತ್ತು ಅಂತೆಲ್ಲ ತೋರಿಸುತ್ತೆ. ಹಳೇ ವಿಡಿಯೋಗಳಲ್ಲಿ ಹೇಳೋ ಡಿಬ್ಯಾನ್ ಅನ್ನೋ ಅಳಿಸುವ ಸಾಫ್ಟ್‌ವೇರ್ ಮಾತ್ರ ಹುಡುಕಿಕೊಂಡು ಹೋಗಬೇಡಿ, ಅದಕ್ಕೆ ಅಪ್‌ಡೇಟ್ ನಿಂತು ಎಷ್ಟೋ ವರ್ಷ ಆಯ್ತು, ಎಸ್‌ಎಸ್‌ಡಿಗೆ ಅದು ಅಲ್ಲವೇ ಅಲ್ಲ.


ಡಿಟಿಪಿ ಅಕ್ಕ, ಮಂಡ್ಯ

ಸ್ಕ್ರೂಡ್ರೈವರ್ ಅಣ್ಣ, ನಿಮ್ಮ ಲೆಕ್ಕ ಸರಿ ಇತ್ತು! ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿದರೆ ಎರಡು ಡಿಸ್ಕ್ ತೋರಿಸಿತು. ಹುಡುಗನಿಗೆ ಫೋನ್ ಮಾಡಿ ಕೇಳಿದೆ. "ಹೌದಕ್ಕ, ಸ್ಲೋ ಅಂತ ಬೈತಿದ್ರಲ್ಲ, ಆಗ 240 ಜಿಬಿ ಎಸ್‌ಎಸ್‌ಡಿ ಹಾಕಿದ್ದೆ, ಸಿ ಡ್ರೈವ್ ಅದರಲ್ಲಿ ಇದೆ, ಹಳೇದನ್ನ ಡಿ ಮಾಡಿದೀನಿ" ಅಂದ. ಬಿಲ್ಲಿನಲ್ಲಿ "ಸರ್ವಿಸ್" ಅಂತ ಒಂದೇ ಸಾಲು ಬರೆದಿದ್ದ ಮಹಾರಾಯ.

ಎಸ್‌ಎಸ್‌ಡಿ ನೀಲಿ, ಗುಡ್. ಆದರೆ 500 ಜಿಬಿ ಡಿಸ್ಕ್ ಹಳದಿ ಬಂದಿದೆ. ರೀಅಲೊಕೇಟೆಡ್ ಸೆಕ್ಟರ್ಸ್ ಅನ್ನೋ ಸಾಲಿನ ಎದುರಿಗೆ ಹಳದಿ ಚುಕ್ಕಿ ಇದೆ. ಆಧಾರ್ ಸ್ಕ್ಯಾನು, ಕ್ರಯಪತ್ರ ಎಲ್ಲ ಇರೋದು ಇದರಲ್ಲೇ. ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದವು ಮಾತ್ರ ಎಸ್‌ಎಸ್‌ಡಿಯಲ್ಲಿ ಇರುತ್ತವಂತೆ. ಈಗ ಏನು ಮಾಡಲಿ?

ನುಡಿ ಫೈಲುಗಳು ನೀವು ಹೇಳಿದ ಹಾಗೇ ಆಯ್ತು. ಹೊಸದರಲ್ಲಿ ತೆರೆದರೆ ಅಫಿಡವಿಟ್ ಪೂರ್ತಿ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಫಾಂಟ್ ತಂದು ಹಾಕಿದ ಮೇಲೆ "ನಾನು ಈ ಮೂಲಕ ಪ್ರಮಾಣ ಮಾಡಿ ಹೇಳುವುದೇನೆಂದರೆ" ಅಂತ ಸರಿಯಾಗಿ ಬಂತು.


ಸ್ಕ್ರೂಡ್ರೈವರ್, ಸರಸ್ವತಿಪುರಂ

ಹಳದಿ ಡಿಸ್ಕಿನ ವಿಷಯ ಮೊದಲು. ಡಿಸ್ಕಿನಲ್ಲಿ ಒಂದು ಜಾಗ ಹಾಳಾಗುತ್ತಿದೆ ಅನಿಸಿದರೆ ಡಿಸ್ಕೇ ಅದನ್ನು ಕೈಬಿಟ್ಟು, ಮೀಸಲಿಟ್ಟ ಬೇರೆ ಜಾಗ ಬಳಸೋಕೆ ಶುರು ಮಾಡುತ್ತೆ. ಆ ಕೈಬಿಟ್ಟ ಜಾಗದಲ್ಲಿ ಹಳೇ ಮಾಹಿತಿಯ ಚೂರು ಉಳಿದಿರಬಹುದು. ಕ್ಲೀನ್ ಆಲ್ ಆಗಲಿ ಎನ್‌ವೈಪ್ ಆಗಲಿ ಅಲ್ಲಿಗೆ ಹೋಗಿ ಬರೆಯೋಕೆ ಆಗಲ್ಲ. ಮಾಮೂಲಿ ಸಾಫ್ಟ್‌ವೇರಿಂದ ಅದನ್ನು ಓದೋಕೂ ಆಗಲ್ಲ, ಹಾಗಾಗಿ ಶಾಲೆ ಹುಡುಗರಿಂದ ಭಯ ಇಲ್ಲ. ಆದರೂ ನನ್ನ ಸಲಹೆ, ಈ ಡಿಸ್ಕನ್ನು ಶಾಲೆಗೆ ಕೊಡಬೇಡಿ. ಗುಟ್ಟಿನ ಕಾರಣಕ್ಕಿಂತ ಜಾಸ್ತಿ, ಅದು ಸಾಯೋ ದಾರಿಯಲ್ಲಿದೆ ಅನ್ನೋ ಕಾರಣಕ್ಕೆ. ಮಕ್ಕಳು ಪ್ರಾಜೆಕ್ಟ್ ಬರೆದಿಟ್ಟ ಮಾರನೇ ದಿನ ಕೈಕೊಡುತ್ತೆ.

ಆದ್ದರಿಂದ ಅದಕ್ಕೆ ಕ್ಲೀನ್ ಆಲ್ ಹಾಕಿ, ಮುಗಿದ ಮೇಲೆ ಬಿಚ್ಚಿ ತೆಗೆದು ಡ್ರಿಲ್ಲಿಂಗ್ ಮೆಷಿನ್ ಇರೋರ ಹತ್ತಿರ ಮೂರ್ನಾಲ್ಕು ತೂತು ಹಾಕಿಸಿ. ಮಧ್ಯದ ಮೋಟರ್ ಬಿಟ್ಟು ಪಕ್ಕಕ್ಕೆ, ತಟ್ಟೆಗಳ ಮೂಲಕ ಆಚೆ ಬರುವ ಹಾಗೆ. ಕಣ್ಣಿಗೆ ಕನ್ನಡಕ ಇರಲಿ. ಡ್ರಿಲ್ ಹಾಕೋ ಮುಂಚೆ ಸೊನ್ನೆ ಯಾಕೆ ಬರೆಸಬೇಕು ಅಂತ ಕೇಳಬಹುದು. ಡ್ರಿಲ್ ಅಂಗಡಿಗೆ ತಗೊಂಡು ಹೋಗೋ ದಾರಿಯಲ್ಲಿ, ಅಲ್ಲಿ ಬೆಂಚಿನ ಮೇಲೆ ಎರಡು ದಿನ ಬಿದ್ದಿರುವಾಗ ಅದು ಯಾರ ಕೈಗೆ ಬೇಕಾದರೂ ಸಿಗಬಹುದು. ಒಡೆಯೋ ಮೊದಲು ಖಾಲಿ ಇರಬೇಕು.

ಎಸ್‌ಎಸ್‌ಡಿಗೆ ಬನ್ನಿ. ಅದರಲ್ಲಿ ತಿರುಗೋ ತಟ್ಟೆ ಇಲ್ಲ, ಎಲ್ಲಾ ಚಿಪ್ಪು. ಒಂದೇ ಚಿಪ್ಪು ಸವೆಯಬಾರದು ಅಂತ ಅದು ಬರೆಯೋ ಜಾಗವನ್ನು ತಾನೇ ಬದಲಾಯಿಸುತ್ತಾ ಇರುತ್ತೆ, ಜೊತೆಗೆ ನಮಗೆ ಕಾಣದ ಹಾಗೆ ಒಂದಷ್ಟು ಜಾಗ ಎತ್ತಿಟ್ಟುಕೊಂಡಿರುತ್ತೆ. ನೀವು ಸೊನ್ನೆ ಬರೆಸಿದರೆ ಅದು ಹಳೇ ಫೈಲಿನ ಮೇಲೇ ಬಿತ್ತು ಅಂತ ಗ್ಯಾರಂಟಿ ಇಲ್ಲ. ಹಾಗಾಗಿ ಡಿಸ್ಕಿಗೇ "ನಿನ್ನನ್ನು ನೀನೇ ಖಾಲಿ ಮಾಡಿಕೋ" ಅಂತ ಆಜ್ಞೆ ಕೊಡಬೇಕು. ಅದಕ್ಕೆ ಸೆಕ್ಯೂರ್ ಇರೇಸ್ ಅಂತ ಹೆಸರು. ಕಿಂಗ್‌ಸ್ಟನ್, ಕ್ರೂಶಿಯಲ್, ಸ್ಯಾಮ್‌ಸಂಗ್, ಇವರೆಲ್ಲ ತಮ್ಮ ಡಿಸ್ಕಿಗೆ ಅಂತಲೇ ಒಂದು ಪುಕ್ಕಟೆ ಸಾಫ್ಟ್‌ವೇರ್ ಕೊಡುತ್ತಾರೆ. ನಿಮ್ಮ ಎಸ್‌ಎಸ್‌ಡಿ ಮೇಲೆ ಯಾವ ಕಂಪನಿ ಹೆಸರಿದೆ ನೋಡಿ, ಅವರ ವೆಬ್‌ಸೈಟಿಂದಲೇ ತಗೊಳ್ಳಿ. ಕೆಲವು ಸಾಫ್ಟ್‌ವೇರಿಗೆ ಎಸ್‌ಎಸ್‌ಡಿ ಬಿಚ್ಚಿ ಬೇರೆ ಕಂಪ್ಯೂಟರಿಗೆ ಎರಡನೇ ಡಿಸ್ಕ್ ಆಗಿ ಹಾಕಿ ಮಾಡಬೇಕಾಗಬಹುದು. ಈ ಕೆಲಸವನ್ನು ಆ ಹುಡುಗನಿಗೇ ಹೇಳಿ, ಎದುರಿಗೆ ಕೂತು ಮಾಡಿಸಿ. ಡಿಸ್ಕ್ ಫ್ರೋಜನ್, ಅಂದರೆ ಅಳಿಸುವ ಆಜ್ಞೆಗೆ ಬೀಗ ಬಿದ್ದಿದೆ ಅಂತ ಏನಾದರೂ ತಕರಾರು ತೆಗೆದರೆ, ಕಂಪ್ಯೂಟರನ್ನು ಸ್ಲೀಪಿಗೆ ಹಾಕಿ ಎಬ್ಬಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತೆ. ನಿಜವಾದ ಅಳಿಸುವ ಕೆಲಸ ಕೆಲವೇ ನಿಮಿಷದ್ದು. ಇಲ್ಲಿ ಮಾತ್ರ ಹತ್ತು ನಿಮಿಷ ಅಂದರೆ ನಂಬಬಹುದು.

ಎರಡೂ ಆದ ಮೇಲೆ ನೋಡಿ ಖಚಿತ ಮಾಡಿಕೊಳ್ಳಿ. ಎಚ್‌ಎಕ್ಸ್‌ಡಿ ಅಂತ ಒಂದು ಸಾಫ್ಟ್‌ವೇರ್ ಇದೆ, ಡಿಸ್ಕಿನಲ್ಲಿ ಏನು ಬರೆದಿದೆಯೋ ಅದನ್ನು ಹಾಗೆಹಾಗೇ ತೋರಿಸುತ್ತೆ. ಹಾರ್ಡ್ ಡಿಸ್ಕಲ್ಲಿ ಮೊದಲು, ನಡುವೆ, ಕೊನೆ, ಎಲ್ಲಿ ನೋಡಿದರೂ ಸೊನ್ನೆ ಸೊನ್ನೆ ಅಂತಲೇ ಕಾಣಬೇಕು. ಬೇಕಿದ್ದರೆ ಹುಡುಗ ಮದುವೆ ಫೋಟೊ ತೆಗೆದ ಸಾಫ್ಟ್‌ವೇರನ್ನೇ ಇದರ ಮೇಲೂ ಓಡಿಸಲಿ.


ಟೋನರ್ ಕೈ, ಮೈಸೂರು

ಅಕ್ಕ, ಕಂಪ್ಯೂಟರ್ ಬಗ್ಗೆ ಎಲ್ಲ ಹೇಳಿದ್ದಾರೆ. ನಿಮ್ಮ ಜೆರಾಕ್ಸ್ ಮೆಷಿನ್ ಯಾವುದು? ನಾನು ಅದರ ಸರ್ವಿಸ್ ಮಾಡೋನು. ಟೇಬಲ್ ಮೇಲೆ ಇಡೋ ಚಿಕ್ಕದಾದರೆ ಸಾಮಾನ್ಯವಾಗಿ ಯೋಚನೆ ಇಲ್ಲ. ಆದರೆ ನೆಲದ ಮೇಲೆ ನಿಲ್ಲೋ ದೊಡ್ಡ ಸೆಕೆಂಡ್ ಹ್ಯಾಂಡ್ ಮೆಷಿನ್ ಆದರೆ ಎಷ್ಟೋ ಮಾಡೆಲ್ಲುಗಳಲ್ಲಿ ಒಳಗೊಂದು ಹಾರ್ಡ್ ಡಿಸ್ಕ್ ಇರುತ್ತೆ. ಸ್ಕ್ಯಾನ್ ಮಾಡಿದ್ದು, ಪ್ರಿಂಟ್ ಕೊಟ್ಟಿದ್ದು ಅದರಲ್ಲಿ ಕೂತಿರಬಹುದು. ಎಕ್ಸ್‌ಚೇಂಜಿಗೆ ಕೊಡುವಾಗ ಯಾರೂ ಅದನ್ನು ಕೇಳುವುದೇ ಇಲ್ಲ, ಟೋನರ್ ಎಷ್ಟು ಉಳಿದಿದೆ ಅಂತ ಮಾತ್ರ ಕೇಳುತ್ತಾರೆ. ಸೆಟ್ಟಿಂಗ್ಸಲ್ಲಿ ಎಲ್ಲ ಡೇಟಾ ಅಳಿಸುವ ಆಯ್ಕೆ ಇರುತ್ತೆ, ಅಡ್ಮಿನ್ ಪಾಸ್‌ವರ್ಡ್ ಬೇಕಾಗುತ್ತೆ. ಮೆಷಿನ್ ಬದಲಾಯಿಸೋ ದಿನ ಸರ್ವಿಸ್ ಹುಡುಗನಿಗೆ ಹೇಳಿ ಮಾಡಿಸಿಕೊಳ್ಳಿ.


ಪಾಂಡವಪುರದ ಮೇಷ್ಟ್ರು

ಶಾಲೆ ಕಡೆಯಿಂದ ಎರಡು ಮಾತು ಹೇಳುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಇರಬೇಕು, ನಿಮ್ಮದು ಅದಕ್ಕಿಂತ ಹಳೆಯದು ಅಂತ ಕಾಣುತ್ತದೆ. ಖಾಲಿಯಾದ ಎಸ್‌ಎಸ್‌ಡಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿಕೊಡಿ. 4 ಜಿಬಿ ರ್ಯಾಮಿಗೆ ಹಗುರವಾದ ಆವೃತ್ತಿ ಸಾಕು. ಕನ್ನಡ ಟೈಪಿಂಗಿಗೆ ನೀವು ನುಡಿಯಲ್ಲಿ ಬಳಸುವ ಕೆಜಿಪಿ ಕೀಲಿಮಣೆ ಅದರಲ್ಲೂ ಸಿಗುತ್ತದೆ. ಪತ್ರ ಬರೆಯಲು ಲಿಬ್ರೆಆಫೀಸ್, ಆಟದ ಮೂಲಕ ಕಲಿಯಲು ಜಿಕಾಂಪ್ರಿ, ಚಿತ್ರ ಬಿಡಿಸಲು ಟಕ್ಸ್ ಪೇಂಟ್ ಹಾಕಿದರೆ ಚಿಕ್ಕ ಮಕ್ಕಳೂ ಜಾಗ ಬಿಟ್ಟು ಏಳುವುದಿಲ್ಲ. ಪಕ್ಕದ ಕೇರಳದ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಲಿನಕ್ಸಲ್ಲೇ ಪಾಠ ನಡೆಯುತ್ತಿದೆ.

ಇನ್ನೊಂದು, ಕೊಡುವಾಗ ಬಿಳಿ ಹಾಳೆಯಲ್ಲಿ ಒಂದು ದಾನಪತ್ರ ಬರೆದುಕೊಡಿ. ಮಾನಿಟರ್, ಕ್ಯಾಬಿನೆಟ್ ನಂಬರು, ಕೀಬೋರ್ಡ್, ಮೌಸ್ ಎಲ್ಲ ನಮೂದಿಸಿ. ಹೆಡ್‌ಮಾಸ್ಟರು ಅದನ್ನು ಸ್ಟಾಕ್ ರಿಜಿಸ್ಟರಿಗೆ ಏರಿಸಬೇಕಾಗುತ್ತದೆ. ಮಾನಿಟರ್ ಕೇಬಲ್ ಮರೆಯಬೇಡಿ. ದಾನವಾಗಿ ಬಂದ ಕಂಪ್ಯೂಟರುಗಳಲ್ಲಿ ಯಾವಾಗಲೂ ಕಾಣೆಯಾಗಿರುವುದು ಅದೇ.


ಡಿಟಿಪಿ ಅಕ್ಕ, ಮಂಡ್ಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದಾನಪತ್ರ ಟೈಪ್ ಮಾಡೋದು ನನಗೆ ಹೇಳಿಕೊಡಬೇಕಾ ಮೇಷ್ಟ್ರೇ, ಎರಡು ಪ್ರತಿ ರೆಡಿ ಇದೆ.

ಎಸ್‌ಎಸ್‌ಡಿ ಬಿಚ್ಚಿಟ್ಟು, ಹಳದಿ ಡಿಸ್ಕ್ ಒಂದನ್ನೇ ಬಿಟ್ಟು ಕ್ಲೀನ್ ಆಲ್ ಕೊಟ್ಟೆ. 465 ನೋಡಿಕೊಂಡೇ ನಂಬರು ಹಾಕಿದ್ದು. ಮಧ್ಯಾಹ್ನ ಶುರು ಮಾಡಿದ್ದು, ಒಮ್ಮೆ ಕರೆಂಟ್ ಹೋಗಿ ಯುಪಿಎಸ್ ಕೂಗಿಕೊಂಡಿತು, ಪುಣ್ಯಕ್ಕೆ ಬೇಗ ಬಂತು. ಅಂಗಡಿ ಬಾಗಿಲು ಹಾಕೋ ಹೊತ್ತಿಗೂ ಲೈಟ್ ಉರಿಯುತ್ತಲೇ ಇತ್ತು. ಕೊನೆಗೆ ಕ್ಲೀನ್ ಮಾಡೋದು ಯಶಸ್ವಿಯಾಯ್ತು ಅಂತ ಇಂಗ್ಲಿಷಲ್ಲಿ ಒಂದು ಸಾಲು ಬಂತು. ಹುಡುಗನನ್ನು ಕರೆಸಿ ಎಚ್‌ಎಕ್ಸ್‌ಡಿಯಲ್ಲಿ ತೋರಿಸಿಕೊಂಡೆ. ಪರದೆ ತುಂಬ ಎರಡೆರಡು ಸೊನ್ನೆ, ಎಷ್ಟು ಕೆಳಗೆ ಹೋದರೂ ಸೊನ್ನೆ. ಅವನ ಸಾಫ್ಟ್‌ವೇರನ್ನೂ ಓಡಿಸು ಅಂದೆ. ತುಂಬಾ ಹೊತ್ತು ಹುಡುಕಿ ಒಂದು ಫೈಲೂ ಸಿಕ್ಕಿಲ್ಲ ಅಂತ ತೋರಿಸಿತು. "ಇದೇ ಫೈನಲ್ಲಾ ಅಕ್ಕ?" ಅಂತ ರೇಗಿಸಿದ. ಎಸ್‌ಎಸ್‌ಡಿ ಕೆಲಸ ನನ್ನ ಎದುರಿಗೇ ಮಾಡಿದ, ಫ್ರೋಜನ್ ಅಂತ ಬಂತು, ಸ್ಲೀಪಿಗೆ ಹಾಕಿ ಎಬ್ಬಿಸಿದ ಮೇಲೆ ಆಯ್ತು. ಲಿನಕ್ಸ್ ಕೂಡ ಅವನೇ ಹಾಕುತ್ತಾನಂತೆ.

ಜೆರಾಕ್ಸ್ ಮೆಷಿನ್ ವಿಷಯ ಕೇಳಿ ಎದೆ ಧಸಕ್ ಅಂತು. ನಮ್ಮದು ನೆಲದ ಮೇಲೆ ನಿಲ್ಲೋದೇ. ಸದ್ಯಕ್ಕೆ ಬದಲಾಯಿಸುತ್ತಿಲ್ಲ, ಆದರೂ ಸರ್ವಿಸಿನವರು ಬಂದಾಗ ಕೇಳುತ್ತೇನೆ. ಇನ್ನು ಮುಂದೆ ಸ್ಕ್ಯಾನ್ ಮಾಡಿದ್ದನ್ನು ಸಂಜೆ ಬಾಗಿಲು ಹಾಕುವಾಗಲೇ ಅಳಿಸೋಣ ಅಂತ ಮಾಡಿದ್ದೇನೆ. ಆಧಾರ್ ನಂಬರಿನ ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಸಾಕಾಗುವ ಕಡೆ ಜನರಿಗೆ ಅದನ್ನೇ ತೆಗೆದುಕೊಡುತ್ತಿದ್ದೇನೆ.

ಒಂದೇ ಪ್ರಶ್ನೆ ಉಳಿದಿದೆ. ತೂತು ಹಾಕಿಸಿದ ಡಿಸ್ಕನ್ನು ಎಲ್ಲಿ ಹಾಕೋದು? ಗುಜರಿಯವನು ಆಗಲೇ ಕಣ್ಣು ಹಾಕಿದ್ದಾನೆ.


ಸ್ಕ್ರೂಡ್ರೈವರ್, ಸರಸ್ವತಿಪುರಂ

ಗುಜರಿಗೆ ಬೇಡ ಅಕ್ಕ, ಅಲ್ಲಿ ಸರ್ಕ್ಯೂಟ್ ಬೋರ್ಡನ್ನು ಸುಟ್ಟು ತಾಮ್ರ ತೆಗೆಯುತ್ತಾರೆ, ಆ ಹೊಗೆ ಒಳ್ಳೇದಲ್ಲ. ಇ-ತ್ಯಾಜ್ಯಕ್ಕೆ ಅಂತಲೇ 2022ರ ನಿಯಮಗಳಿವೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅದರ ಪ್ರಕಾರ ನೋಂದಣಿ ಮಾಡಿಸಿದ ಮರುಬಳಕೆದಾರರಿಗೇ ಹೋಗಬೇಕು. ಒಂದು ಡಿಸ್ಕಿಗಾಗಿ ಯಾರೂ ಮಂಡ್ಯದವರೆಗೆ ಬರಲ್ಲ. ನಾನು ಅಂಗಡಿಯಲ್ಲಿ ಕೆಟ್ಟ ಡಿಸ್ಕು, ಬೋರ್ಡು, ಬ್ಯಾಟರಿ ಎಲ್ಲ ಬೇರೆ ಬೇರೆ ಡಬ್ಬಿಯಲ್ಲಿ ಕೂಡಿಟ್ಟು, ತುಂಬಿದ ಮೇಲೆ ಅಂಥವರಿಗೆ ಒಟ್ಟಿಗೆ ಕೊಡುತ್ತೇನೆ. ಮೈಸೂರಿಗೆ ಬರೋರ ಕೈಯಲ್ಲಿ ಕಳಿಸಿ, ಅದರ ಜೊತೆಗೇ ಹೋಗುತ್ತೆ. ತೂತು ಹಾಕಿಸಿಯೇ ಕಳಿಸಿ, ನನ್ನ ಕೈಗಾದರೂ ಸರಿ.